ಮೌಢ್ಯ ನಿಷೇಧದ ಕರಡು ಮತ್ತು ಕಾನೂನು ಶಾಲೆಯ ವಿದ್ವತ್ತು

ಕರ್ನಾಟಕದಲ್ಲಿ ಕಾನೂನು ಅಧ್ಯಾಪಕರ ಬರವಣಿಗೆ ಶಾಸನವಾಗುವವರೆಗೆ ಬೆಳೆದ ಉದಾಹರಣೆಗಳು ವಿರಳ. ಇರುವವುಗಳಲ್ಲಿ ಹೆಚ್ಚು ಚರ್ಚೆಗೆ ಒಳಗಾದದ್ದು 2013ರ ಮೌಢ್ಯಾಚರಣೆ ಪ್ರತಿಬಂಧಕ ಮಸೂದೆಯ ಕರಡು. ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಯ ಸಾಮಾಜಿಕ ಹೊರಗಿಡುವಿಕೆ ಮತ್ತು ಒಳಗೊಳ್ಳುವ ನೀತಿಯ ಅಧ್ಯಯನ ಕೇಂದ್ರವು ಎಸ್. ಜಾಫೆಟ್ ಅವರ ನೇತೃತ್ವದಲ್ಲಿ ಅದನ್ನು ಸಿದ್ಧಪಡಿಸಿ, ಆ ವರ್ಷದ ನವೆಂಬರ್‌ನಲ್ಲಿ ಸರ್ಕಾರಕ್ಕೆ ಒಪ್ಪಿಸಿತು. ನಾಲ್ಕು ವರ್ಷಗಳ ಎಳೆದಾಟದ ನಂತರ, ಬಹಳಷ್ಟು ರೂಪ ಬದಲಿಸಿಕೊಂಡು, 2017ರಲ್ಲಿ ಅದು ಕಾಯ್ದೆಯಾಯಿತು. ಆ ಕಾಯ್ದೆ ಗಟ್ಟಿಯೋ ಪೊಳ್ಳೋ ಎಂಬುದು ತಿಳಿಯುವುದು ತುಮಕೂರು ಜಿಲ್ಲೆಯ ಉತ್ತರ ಭಾಗದಂಥ ಕಡೆಗಳಲ್ಲಿ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿದ ಮಧುಗಿರಿ ಉಪವಿಭಾಗದಲ್ಲಿ ಪಶುಪಾಲಕ ಕಾಡುಗೊಲ್ಲರು ವಾಸಿಸುವ ಗೊಲ್ಲರಹಟ್ಟಿಗಳಲ್ಲಿ, ಬಡವನಹಳ್ಳಿಯಂಥ ಊರಿನ ಪೊಲೀಸ್ ಠಾಣೆಯಲ್ಲಿ, ಮಧುಗಿರಿಯ ನ್ಯಾಯಾಲಯದಲ್ಲಿ.

ಕಾನೂನು ಶಾಲೆ ಹುಟ್ಟಿದ್ದು ರಾಜ್ಯ ಶಾಸಕಾಂಗದ 1986ರ ಕಾಯ್ದೆಯಿಂದ. ಸ್ಥಾಪಕ ನಿರ್ದೇಶಕ ಎನ್.ಆರ್. ಮಾಧವ ಮೆನನ್ ಅವರ ಕಾಲದಲ್ಲಿ, 1988ರಲ್ಲಿ, ಮೊದಲ ತಂಡದ ಪಾಠಗಳು ಶುರುವಾದವು. ಅದಕ್ಕೆ ಮುಂಚೆ ನಮ್ಮ ಕಾನೂನು ಕಾಲೇಜುಗಳ ಅಧ್ಯಾಪಕರ ಬರಹ ಎಂದರೆ ಬಹುಪಾಲು ಕಾಯ್ದೆಗಳ ಮೇಲಿನ ವ್ಯಾಖ್ಯಾನ ಮತ್ತು ಪರೀಕ್ಷೆಗೆ ಒದಗುವ ಕೈಪಿಡಿ. ತೀರ್ಪುಗಳನ್ನು ಕ್ರಮವಾಗಿ ಜೋಡಿಸಿ ಕೊಡುವ ಆ ಕೆಲಸ ವಕೀಲರಿಗೆ ಉಪಯುಕ್ತವಾಗಿತ್ತು. ಆದರೆ ಕಾನೂನು ಹೀಗೇಕಿದೆ, ಇರಬೇಕಾದದ್ದು ಹೇಗೆ ಎಂಬ ಪ್ರಶ್ನೆ ಅದರ ವ್ಯಾಪ್ತಿಯಲ್ಲಿ ಇರಲಿಲ್ಲ. ಹೊಸ ಶಾಲೆಯಲ್ಲಿ ಸಂಶೋಧನಾ ಕೇಂದ್ರಗಳು ಬಂದವು, ನಿಯತಕಾಲಿಕೆ ಬಂತು, ಸರ್ಕಾರಕ್ಕೆ ವರದಿ ಮತ್ತು ಕರಡು ಬರೆದುಕೊಡುವ ರೂಢಿ ಬೆಳೆಯಿತು. ಈ ಮೂರು ಬಗೆಯ ಬರಹಗಳಲ್ಲಿ ನಿಯತಕಾಲಿಕೆಯ ಲೇಖನಕ್ಕೆ ಮರ್ಯಾದೆ ಹೆಚ್ಚು, ಕರಡಿಗೆ ಕಡಿಮೆ. ಯುಜಿಸಿ 2010ರ ನಿಯಮಾವಳಿಯಲ್ಲಿ ತಂದ, ಅಧ್ಯಾಪಕರ ಸಾಧನೆಯನ್ನು ಅಂಕಗಳಲ್ಲಿ ಅಳೆಯುವ ಎಪಿಐ ಪದ್ಧತಿ ಈ ಮೇಲುಕೀಳನ್ನು ಇನ್ನಷ್ಟು ಬಿಗಿಮಾಡಿತು. ಇದು ನ್ಯಾಯವಾದ ಎಣಿಕೆಯಲ್ಲ. ಲೇಖನವೊಂದು ಎರಡು ಅಭಿಪ್ರಾಯಗಳ ನಡುವೆ ತೂಗಾಡಿ ಮುಗಿಯಬಹುದು. ಕರಡು ಬರೆಯುವವರಿಗೆ ಆ ಸೌಲಭ್ಯವಿಲ್ಲ, ಪ್ರತಿಯೊಂದು ಪದದಲ್ಲೂ ಯಾರೋ ಒಬ್ಬರ ಸ್ವಾತಂತ್ರ್ಯ ಮತ್ತು ಇನ್ನೊಬ್ಬರ ರಕ್ಷಣೆ ಅಡಗಿರುತ್ತದೆ.

2013ರ ಕರಡಿನ ದೊಡ್ಡ ಗುಣ ಅದು ಹುಟ್ಟಿದ ನೆಲೆಯಲ್ಲೇ ಇದೆ. ಮೌಢ್ಯದ ಪ್ರಶ್ನೆಯನ್ನು ಸಾಮಾನ್ಯವಾಗಿ ವಿಜ್ಞಾನ ಮತ್ತು ಅಜ್ಞಾನದ ಜಗಳವೆಂದು ನೋಡಲಾಗುತ್ತದೆ. ಸಂವಿಧಾನದ 51ಎ (ಎಚ್) ವಿಧಿ ಹೇಳುವ ವೈಜ್ಞಾನಿಕ ಮನೋಭಾವ ಆ ವಾದದ ಆಧಾರ. ಸಾಮಾಜಿಕ ಹೊರಗಿಡುವಿಕೆಯನ್ನು ಅಧ್ಯಯನ ಮಾಡುವ ಕೇಂದ್ರವೊಂದು ಅದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಾಗ, ಆಚರಣೆಯ ಭಾರ ಯಾರ ಮೈಮೇಲೆ ಬೀಳುತ್ತದೆ ಎಂಬುದು ಮುಂದಕ್ಕೆ ಬರುತ್ತದೆ. ಎಂಜಲೆಲೆಯ ಮೇಲೆ ಉರುಳುವ ದೇಹ ಯಾವ ಜಾತಿಯದು, ಬೆತ್ತಲೆ ಸೇವೆಗೆ ನಿಲ್ಲುವವರು ಯಾರು, ಊರ ಹೊರಗೆ ಮಲಗುವವರು ಯಾರು ಎಂದು ಕೇಳಿದೊಡನೆ ವಿಷಯ 51ಎ ವಿಧಿಯಿಂದ 17 ಮತ್ತು 21ನೇ ವಿಧಿಗಳಿಗೆ, ಅಂದರೆ ಅಸ್ಪೃಶ್ಯತೆಯ ನಿಷೇಧಕ್ಕೆ ಮತ್ತು ಘನತೆಯ ಬದುಕಿಗೆ ಹೊರಳುತ್ತದೆ. ಐದು ವರ್ಷಗಳ ನಂತರ, 2018ರ ಶಬರಿಮಲೆ ತೀರ್ಪಿನಲ್ಲಿ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರು ಮುಟ್ಟಿನ ಕಾರಣಕ್ಕೆ ಹೆಣ್ಣನ್ನು ದೂರವಿಡುವುದನ್ನು ಅಸ್ಪೃಶ್ಯತೆಯ ಒಂದು ರೂಪವೆಂದು ಕಂಡರು. ಅದೇ ಪೀಠದ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಆ ತೀರ್ಪಿಗೆ ಭಿನ್ನಮತ ಬರೆದರು. ಈ ವಾದವಿವಾದಕ್ಕೆ ಬೇಕಾದ ನೆಲವನ್ನು ಕರ್ನಾಟಕದ ಅಧ್ಯಾಪಕರು ಮೊದಲೇ ಹದಮಾಡಿದ್ದರು ಎನ್ನುವುದು ಕಡಿಮೆ ಸಂಗತಿಯಲ್ಲ. ಜಾರಿಯ ಹೊಣೆಯನ್ನು ಠಾಣೆಯೊಂದಕ್ಕೇ ಬಿಡದೆ ಪ್ರತ್ಯೇಕ ಪ್ರಾಧಿಕಾರ ಮತ್ತು ಜಾಗೃತ ಸಮಿತಿಗಳು ಇರಬೇಕೆಂದು ಕರಡು ಕೇಳಿದ್ದೂ ವಿವೇಕದ ಮಾತು.

ಕರಡು ಎಡವಿದ್ದು ಗಡಿ ಗುರುತಿಸುವಲ್ಲಿ. ಮೌಢ್ಯ ಎಂಬುದನ್ನೇ ಕೇಂದ್ರ ಪದವಾಗಿ ಇಟ್ಟುಕೊಂಡದ್ದರಿಂದ ಯಾವುದು ನಂಬಿಕೆ, ಯಾವುದು ಅಪರಾಧ ಎಂಬ ಪ್ರಶ್ನೆ ಪ್ರತಿ ಸಾಲಿನಲ್ಲೂ ತೆರೆದುಕೊಂಡಿತು. ಜ್ಯೋತಿಷ್ಯ, ವಾಸ್ತು, ಪಾದಪೂಜೆ ಎಲ್ಲವೂ ನಿಂತುಹೋಗುತ್ತವೆ ಎಂಬ ಗುಲ್ಲೆದ್ದಿತು. ದಂಡನೆಯ ಕಾನೂನಿಗೆ ಬೇಕಾದದ್ದು ಹಾನಿಯ ಖಚಿತ ವರ್ಣನೆ. ಯಾರಿಗೆ, ಯಾವ ಕೃತ್ಯದಿಂದ, ಎಂಥ ಕೇಡು ಎಂಬುದು ಬಿಡಿಸಿ ಹೇಳಿದ್ದರೆ ಹುಯಿಲಿಗೆ ಅಷ್ಟು ಎಡೆ ಸಿಗುತ್ತಿರಲಿಲ್ಲ. ನೆರೆಯ ಮಹಾರಾಷ್ಟ್ರದಲ್ಲಿ ಮೌಢ್ಯವಿರೋಧಿ ಹೋರಾಟಗಾರ ನರೇಂದ್ರ ದಾಭೋಲ್ಕರ್ ಅವರು ವರ್ಷಗಟ್ಟಲೆ ಹಿಡಿದು ತಿದ್ದಿಸಿದ ಮಸೂದೆ ಕೃತ್ಯಗಳ ಪಟ್ಟಿಯನ್ನು ನೆಚ್ಚಿಕೊಂಡಿತ್ತು. 2013ರ ಆಗಸ್ಟ್ 20ರಂದು ಅವರ ಕೊಲೆಯಾದ ಕೆಲವೇ ದಿನಗಳಲ್ಲಿ ಅಲ್ಲಿ ಸುಗ್ರೀವಾಜ್ಞೆ ಹೊರಬಿತ್ತು. ಕರ್ನಾಟಕದಲ್ಲಿ 2015ರ ಆಗಸ್ಟ್‌ನಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್‌ನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾದರು. ಆ ನವೆಂಬರ್‌ನಲ್ಲಿ, ಬೆಳಗಾವಿ ಅಧಿವೇಶನದಲ್ಲಿ, ಮಸೂದೆಗೆ ಒಪ್ಪಿಗೆ ಸಿಕ್ಕಿತು. ಅಷ್ಟರಲ್ಲಿ ಶೀರ್ಷಿಕೆಯಿಂದ ಮೌಢ್ಯ ಎಂಬ ಪದ ಹೋಗಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ಎಂಬುದು ಬಂದಿತ್ತು. ಯಾತ್ರೆ, ಪ್ರದಕ್ಷಿಣೆ, ಹರಿಕಥೆ, ಭಜನೆ, ಜ್ಯೋತಿಷ್ಯ, ವಾಸ್ತು ಕಾಯ್ದೆಯ ಹೊರಗೆ ಉಳಿದವು. ಅನುಸೂಚಿಯಲ್ಲಿ ಹೆಸರಿಸಿದ ಕೃತ್ಯಗಳಿಗೆ 1ರಿಂದ 7 ವರ್ಷಗಳವರೆಗೆ ಜೈಲು, 5,000ದಿಂದ 50,000 ರೂಪಾಯಿವರೆಗೆ ದಂಡ ಎಂದು ನಿಗದಿಯಾಯಿತು. ಕಾಯ್ದೆ ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಶಾಸಕಾಂಗ ಮಾಡಿದ ಬದಲಾವಣೆಗಳನ್ನೆಲ್ಲ ರಾಜಿ ಎಂದು ತಳ್ಳಿಹಾಕುವುದು ಸರಿಯಾಗದು. ಪಟ್ಟಿಗೆ ಇಳಿದದ್ದರಿಂದ ಕಾನೂನು ನ್ಯಾಯಾಲಯದಲ್ಲಿ ನಿಲ್ಲುವಂತಾಯಿತು. ಪ್ರತ್ಯೇಕ ಪ್ರಾಧಿಕಾರದ ಕಲ್ಪನೆ ಕೈಬಿಟ್ಟದ್ದು ಮಾತ್ರ ನಿಜವಾದ ನಷ್ಟ.

ಅನುಸೂಚಿಯ ಒಂದು ನಮೂದು ಮಧುಗಿರಿ ಸೀಮೆಗೆ ನೇರವಾಗಿ ತಾಗುತ್ತದೆ. ಮುಟ್ಟಾದ ಅಥವಾ ಗರ್ಭಿಣಿ ಹೆಂಗಸರನ್ನು ಬಲವಂತವಾಗಿ ಬೇರೆ ಇರಿಸುವುದು, ಊರೊಳಕ್ಕೆ ಬರದಂತೆ ತಡೆಯುವುದು, ಹಾಗೆ ಪ್ರತ್ಯೇಕಿಸಲು ಅನುವು ಮಾಡಿಕೊಡುವುದು ಅಪರಾಧ. ಬಡವನಹಳ್ಳಿಯಿಂದ ಶಿರಾದ ಕಡೆಗೂ ಪಾವಗಡದ ಕಡೆಗೂ ಹರಡಿದ ಬಯಲಿನಲ್ಲಿ ಕಾಡುಗೊಲ್ಲರ ಹಟ್ಟಿಗಳಿವೆ. ಊರಿನಿಂದ ತುಸು ದೂರ ನಿಂತ ಹಟ್ಟಿಯ ಸುತ್ತ ಹಿಂದೆ ಕಳ್ಳೆಬೇಲಿ ಇರುತ್ತಿತ್ತು. ಅದರ ಒಳಗಿನ ನೆಲವೆಲ್ಲ ಜುಂಜಪ್ಪ, ಎತ್ತಪ್ಪ ಮೊದಲಾದ ದೇವರುಗಳಿಗೆ ಸೇರಿದ್ದು, ಮಡಿಯದು ಎಂಬ ನಂಬಿಕೆ. ಹೆಣ್ಣು ಮುಟ್ಟಾದಾಗ ಮತ್ತು ಹೆತ್ತಾಗ ಸೂತಕವೆಂದು ಬೇಲಿಯಾಚೆ ಇರಬೇಕಾಗಿತ್ತು. ಎಷ್ಟೋ ಹಟ್ಟಿಗಳಲ್ಲಿ ಇದು ಸಡಿಲಗೊಂಡಿದೆ, ಕೆಲವೆಡೆ ಉಳಿದಿದೆ. ಆಚೆ ಇರುವ ಜಾಗವೆಂದರೆ ಸೋಗೆ ಅಥವಾ ಪ್ಲಾಸ್ಟಿಕ್ ಹೊದೆಸಿದ ಗುಡ್ಲು, ಬಗ್ಗಿ ಒಳಹೋಗಬೇಕಾದ ಬಾಗಿಲು, ಒಬ್ಬಾಕೆ ಮೈಚಾಚುವಷ್ಟು ನೆಲ. ಊಟ ಮನೆಯಿಂದ ಬರುತ್ತದೆ, ತಟ್ಟೆ ಬೇರೆ. ಮಳೆಗಾಲದಲ್ಲಿ ಹಾವು ಚೇಳಿನ ಭಯ, ರಾತ್ರಿ ಶೌಚಕ್ಕೆ ಹೋಗಬೇಕಾದರೆ ಕತ್ತಲು.

ಈ ಲೋಕದ ಬಗ್ಗೆ ಕನ್ನಡದಲ್ಲಿ ಒಳ್ಳೆಯ ವಿದ್ವತ್ತಿದೆ. ತೀ.ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯ ಮತ್ತು ನಂಬಿಕೆಗಳ ಮೇಲೆ ನಡೆಸಿದ ಅಧ್ಯಯನ, ಎಂ. ಗುರುಲಿಂಗಯ್ಯ ಅವರು ಹಟ್ಟಿಗೊಲ್ಲರ ಮೇಲೆ ಮಾಡಿದ ಕೆಲಸ ಜಾನಪದ ವಿದ್ಯಾರ್ಥಿಗಳಿಗೆ ಪರಿಚಿತ. ಸೂತಕ ಎನ್ನುವುದು ಬಿಡಿ ಆಚಾರವಾಗಿರದೆ ದೈವ, ದನಕುರಿ, ಗುಡಿಕಟ್ಟು, ಪೂಜಾರಿಯ ಅಧಿಕಾರ ಎಲ್ಲಕ್ಕೂ ಹೆಣೆದುಕೊಂಡಿದೆ ಎಂಬ ತಿಳಿವಳಿಕೆ ಇಂಥ ಬರಹಗಳಿಂದ ದೊರೆಯುತ್ತದೆ. ಕಾನೂನಿನ ಬರವಣಿಗೆ ಇದನ್ನು ಒಳಗೆ ಬಿಟ್ಟುಕೊಂಡಿದ್ದರೆ ಅನುಸೂಚಿಯ ನಮೂದು ಇಷ್ಟು ಚಪ್ಪಟೆಯಾಗಿ ಇರುತ್ತಿರಲಿಲ್ಲ. ಬಲವಂತ ಎಂದರೆ ಏನು? ಸೊಸೆಗೆ ಅತ್ತೆ ಹೇಳುತ್ತಾಳೆ, ಅತ್ತೆಗೆ ಪೂಜಾರಿಯ ಮಾತಿನ ಭಯ, ಪೂಜಾರಿಗೆ ದೇವರು ಮುನಿದಾನೆಂಬ ಭಯ. ಹೊರಗೆ ಹೋಗುವ ಹೆಣ್ಣು ಹಲವು ಬಾರಿ ತಾನಾಗಿಯೇ ಹೋಗುತ್ತಾಳೆ, ಇಲ್ಲದಿದ್ದರೆ ಮನೆಯ ದನ ಸತ್ತರೂ ಅದು ಅವಳ ತಲೆಗೆ ಬರುತ್ತದೆ. ಇಲ್ಲಿ ಆರೋಪಿ ಯಾರು ಎಂದು ಬಡವನಹಳ್ಳಿ ಠಾಣೆಯ ಅಧಿಕಾರಿ ಕೇಳಿದರೆ ಕಾಯ್ದೆಯಲ್ಲಿ ತಯಾರಾದ ಉತ್ತರ ಇಲ್ಲ.

ಅನುವು ಮಾಡಿಕೊಡುವುದು ಎಂಬ ಭಾಗ ಇನ್ನೂ ತೊಡಕಿನದು. ಗುಡ್ಲಿನ ಪಾಡು ನೋಡಲಾಗದೆ ಸರ್ಕಾರವೇ ಹಲವು ಹಟ್ಟಿಗಳ ಬಳಿ ಕೃಷ್ಣ ಕುಟೀರ ಎಂಬ ಕಟ್ಟಡಗಳನ್ನು ಕಟ್ಟಿಸಿತ್ತು. ಗೋಡೆ, ಚಾವಣಿ, ಶೌಚಾಲಯ ಇರುವ ಜಾಗದಲ್ಲಿ ಆ ದಿನಗಳನ್ನು ಕಳೆಯಲಿ ಎಂಬುದು ಉದ್ದೇಶ. ಆಚರಣೆಗೆ ಸಿಮೆಂಟಿನ ಬಲ ಕೊಟ್ಟಂತಾಯಿತು ಎಂಬ ಟೀಕೆ ಆಗಲೇ ಬಂದಿತ್ತು. 2017ರ ಕಾಯ್ದೆಯ ಕಣ್ಣಿನಲ್ಲಿ ಆ ಕಟ್ಟಡಗಳ ಸ್ಥಾನವೇನು? ತಕ್ಷಣದ ಜೀವರಕ್ಷಣೆ ಮತ್ತು ಆಚರಣೆಯ ನಿರ್ಮೂಲನೆ ಒಂದಕ್ಕೊಂದು ಎದುರಾದಾಗ ಕಾನೂನು ಯಾವುದನ್ನು ಮೊದಲು ಹಿಡಿಯಬೇಕು? ಸಾರ್ವಜನಿಕ ನೀತಿಯ ಅಧ್ಯಾಪಕರಿಗೆ ಇದಕ್ಕಿಂತ ಹದವಾದ ಪ್ರಶ್ನೆ ಸಿಗುವುದು ಕಷ್ಟ. ನೇಪಾಳದ ಅನುಭವವನ್ನೂ ಇದರ ಜೊತೆಗಿಟ್ಟು ನೋಡಬಹುದು. ಮುಟ್ಟಾದ ಹೆಂಗಸರನ್ನು ಗುಡಿಸಲಿಗೆ ಕಳಿಸುವ, ಅಲ್ಲಿನ ಪಶ್ಚಿಮ ಜಿಲ್ಲೆಗಳ ಛೌಪದಿ ಪದ್ಧತಿಯನ್ನು 2005ರಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಿತು, 2018ರ ಆಗಸ್ಟ್‌ನಿಂದ ಅದು ಮೂರು ತಿಂಗಳ ಜೈಲಿಗೆ ಗುರಿಯಾಗುವ ಅಪರಾಧವಾಯಿತು. ಗುಡಿಸಲು ಕೆಡವುವ ಅಭಿಯಾನವೂ ನಡೆಯಿತು. ಗುಡಿಸಲು ಹೋದ ಕಡೆ ಹೆಂಗಸರು ಬಯಲಿಗೋ ಕೊಟ್ಟಿಗೆಗೋ ಹೋಗಿ ಮಲಗಿದ ಪ್ರಸಂಗಗಳಿವೆ.

ನಮ್ಮ ಕಾಯ್ದೆ ಜಾರಿಯಾಗಿ ಮೂರೂವರೆ ವರ್ಷವಾಗಿದ್ದಾಗ, 2023ರ ಜುಲೈನಲ್ಲಿ, ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರ ಹೊರಗೆ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ಮಳೆ ಚಳಿಯ ನಡುವೆ ತೀರಿಕೊಂಡಿತು. ಅಧಿಕಾರಿಗಳು, ನ್ಯಾಯಾಧೀಶರು ಹಟ್ಟಿಗಳಿಗೆ ಹೋಗಿ ತಿಳಿಹೇಳಿದರು. ಆ ಸಾವು ಕರಡಿನ ಕೆಲಸದ ಬಗ್ಗೆಯೂ ಒಂದು ಮಾತು ಹೇಳುತ್ತದೆ: ನಮೂದಿನಲ್ಲಿ ಮುಟ್ಟಾದವಳಿದ್ದಾಳೆ, ಗರ್ಭಿಣಿ ಇದ್ದಾಳೆ, ಹೆತ್ತು ಕೂಸಿನ ಜೊತೆ ಹೊರಗೆ ಕೂತವಳ ಹೆಸರು ಬಿಡಿಸಿ ಹೇಳಿಲ್ಲ. ಹಟ್ಟಿಯ ಬದುಕು ಬಲ್ಲವರು ಯಾರಾದರೂ ಕರಡನ್ನು ಒಮ್ಮೆ ಓದಿದ್ದರೆ ಬಾಣಂತಿಯನ್ನು ಮೊದಲು ಸೇರಿಸುತ್ತಿದ್ದರು, ಅಪಾಯ ಹೆಚ್ಚು ಇರುವುದು ಅವಳಿಗೆ ಮತ್ತು ಅವಳ ಮಡಿಲಿನ ಕೂಸಿಗೆ.

ರಾಷ್ಟ್ರೀಯ ಕಾನೂನು ಶಾಲೆಯದೇ ಇನ್ನೊಂದು ಕೆಲಸ ಬೇರೆ ದಾರಿ ತೋರಿಸುತ್ತದೆ. ಅಲ್ಲಿನ ಮಕ್ಕಳು ಮತ್ತು ಕಾನೂನು ಕೇಂದ್ರವು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಡಿ ರಚನೆಯಾದ ವಿಶೇಷ ನ್ಯಾಯಾಲಯಗಳ ಕಾರ್ಯವೈಖರಿಯನ್ನು ದೆಹಲಿ, ಅಸ್ಸಾಂ, ಮಹಾರಾಷ್ಟ್ರ, ಆಂಧ್ರಪ್ರದೇಶ, ಕರ್ನಾಟಕದಲ್ಲಿ ಅಧ್ಯಯನ ಮಾಡಿತು. ಕರ್ನಾಟಕದ ವರದಿ ಬಂದದ್ದು 2017ರಲ್ಲಿ. ಅಧ್ಯಾಪಕರು ಮತ್ತು ಸಂಶೋಧಕರು ತೀರ್ಪುಗಳನ್ನು ಒಂದೊಂದಾಗಿ ಓದಿದರು, ನ್ಯಾಯಾಧೀಶರು ಮತ್ತು ಅಭಿಯೋಜಕರ ಜೊತೆ ಮಾತಾಡಿದರು, ನ್ಯಾಯಾಲಯದ ಕಟ್ಟಡಕ್ಕೇ ಹೋಗಿ ಮಗು ಎಲ್ಲಿ ಕಾಯುತ್ತದೆ, ಆರೋಪಿಯ ಮುಖ ಕಾಣದಂತೆ ಸಾಕ್ಷಿ ಹೇಳಲು ಏರ್ಪಾಡಿದೆಯೇ ಎಂದು ನೋಡಿದರು. ಆರೋಪಿ ಪರಿಚಿತನಾಗಿರುವ ಕಡೆ ಮಕ್ಕಳು ಪ್ರತಿಕೂಲ ಸಾಕ್ಷಿಗಳಾಗುವುದು, ಮಕ್ಕಳಸ್ನೇಹಿ ವ್ಯವಸ್ಥೆ ಕಾಗದದಲ್ಲೇ ಉಳಿಯುವುದು ಹೀಗೆ ಬೆಳಕಿಗೆ ಬಂತು. ಈ ವರದಿಗಳಲ್ಲಿ ಸಿದ್ಧಾಂತದ ಮೆರುಗು ಕಡಿಮೆ, ಕೆಲವು ಪುಟಗಳು ನೀರಸವೂ ಹೌದು. ಆದರೂ ಕಾನೂನು ಶಾಲೆಯ ವಿದ್ವತ್ತು ಅತ್ಯುತ್ತಮವಾಗಿ ದುಡಿದಿರುವುದು ಇಲ್ಲಿ. ಶಾಸನ ಬಂದ ಮೇಲೆ ಏನಾಯಿತು ಎಂದು ಹೋಗಿ ನೋಡುವ ತಾಳ್ಮೆ ಇದರಲ್ಲಿದೆ, ಮೌಢ್ಯ ನಿಷೇಧದ ಕರಡಿಗೆ ಬೇಕಾಗಿದ್ದೂ ಅದೇ ತಾಳ್ಮೆ.

ಎರಡೂ ಕೆಲಸಗಳಿಗೆ ಸಮಾನವಾದ ಕೊರತೆ ಭಾಷೆಯದು. ಕಾನೂನು ಶಾಲೆಯ ನಿಯತಕಾಲಿಕೆಗಳು, ವರದಿಗಳು ಇಂಗ್ಲಿಷಿನವು. ತಾಲ್ಲೂಕು ನ್ಯಾಯಾಲಯದಲ್ಲಿ ಸಾಕ್ಷಿಯ ಹೇಳಿಕೆ ಕನ್ನಡದ್ದು, ಠಾಣೆಯ ದೂರು ಕನ್ನಡದ್ದು, ತುಮಕೂರಿನ ವಿದ್ಯೋದಯದಂಥ ಕಾಲೇಜುಗಳಲ್ಲಿ ಓದಿ ಮಧುಗಿರಿ, ಪಾವಗಡಗಳಲ್ಲಿ ವಕಾಲತ್ತು ಮಾಡುವವರು ಕಕ್ಷಿದಾರರ ಜೊತೆ ಆಡುವುದು ಕನ್ನಡ, ಪಾವಗಡದಲ್ಲಿ ತೆಲುಗೂ ಸೇರಿದ ಕನ್ನಡ. ಹಟ್ಟಿಯ ಹೆಣ್ಣುಮಗಳಿಗೆ ಧೈರ್ಯ ಹೇಳುವ ಆಶಾ ಕಾರ್ಯಕರ್ತೆಗೆ ಕಾಯ್ದೆಯ ಒಂದು ಪುಟದ ತಿಳಿಗನ್ನಡದ ವಿವರಣೆ ಸಿಕ್ಕರೆ ಅದು ಹತ್ತು ವಿಚಾರಸಂಕಿರಣಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಅಂಥದನ್ನು ಬರೆದ ಅಧ್ಯಾಪಕರಿಗೆ ಎಪಿಐ ಲೆಕ್ಕದಲ್ಲಿ ಸಿಗುತ್ತಿದ್ದುದು ಅಲ್ಪ. 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ಜಿಲ್ಲೆಗಳ ಕಾಲೇಜುಗಳಿವೆ, ಅಲ್ಲಿನ ಅಧ್ಯಾಪಕರಿಗೆ ಸೀಮೆಯೂ ಗೊತ್ತು, ಮಾತೂ ಗೊತ್ತು. ನಾಗರಬಾವಿಯಲ್ಲಿ ಬಿಡುವು, ಹಣ, ಗ್ರಂಥಾಲಯ ಇವೆ. ಈ ಎರಡೂ ಕಡೆಯ ಅಧ್ಯಾಪಕರು ಸೇರಿ 2017ರ ಕಾಯ್ದೆಯ ಮೇಲೆ ಪೋಕ್ಸೊ ಅಧ್ಯಯನದ ಮಾದರಿಯಲ್ಲಿ ಕೂರುವುದು ಅಸಾಧ್ಯವಾದದ್ದೇನಲ್ಲ: ಉಪವಿಭಾಗದ ಠಾಣೆಗಳಲ್ಲಿ ಈ ಕಾಯ್ದೆಯಡಿ ಬಂದ ದೂರುಗಳು, ಬಂದೂ ದಾಖಲಾಗದವು, ದೋಷಾರೋಪ ಪಟ್ಟಿಗಳು, ಖುಲಾಸೆಯ ಕಾರಣಗಳು, ಕೃಷ್ಣ ಕುಟೀರಗಳ ಈಗಿನ ಬಳಕೆ.

ಅಂಥ ಅಧ್ಯಯನದಲ್ಲಿ ಇನ್ನೊಂದು ಎಳೆಯೂ ಸೇರಬೇಕು: ಕಾಡುಗೊಲ್ಲರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಹಳೆಯದು. 2020ರ ಶಿರಾ ಉಪಚುನಾವಣೆಗೆ ಮುಂಚೆ ಅವರಿಗೊಂದು ಅಭಿವೃದ್ಧಿ ನಿಗಮವೂ ಘೋಷಣೆಯಾಯಿತು. ಬುಡಕಟ್ಟಿನ ಗುರುತಿಗೆ ಆಧಾರವಾಗಿ ಮುಂದಿಡುವ ವಿಶಿಷ್ಟ ಆಚಾರಗಳಲ್ಲಿ ಕೆಲವನ್ನು 2017ರ ಕಾಯ್ದೆ ಅಪರಾಧವೆಂದು ಕರೆಯುತ್ತದೆ. ಒಂದೇ ಸಮುದಾಯದ ಮೇಲೆ ರಾಜ್ಯ ಇಡುವ ಈ ಎರಡು ದೃಷ್ಟಿಗಳನ್ನು ಎದುರುಬದುರು ಇಟ್ಟು, ಹಟ್ಟಿಯ ಹೆಂಗಸರನ್ನೇ ಮೊದಲ ಸಾಕ್ಷಿಗಳನ್ನಾಗಿ ಮಾಡಿಕೊಂಡು ಬರೆಯುವ ಅಧ್ಯಯನಕ್ಕೆ ಬೇಕಾದ ಸಾಮಗ್ರಿ ಬೆಂಗಳೂರಿನಿಂದ ಮೂರು ಗಂಟೆಯ ದಾರಿಯಲ್ಲೇ ಇದೆ. ಅನುಸೂಚಿಗೆ ಬಾಣಂತಿಯನ್ನು ಸೇರಿಸುವ ತಿದ್ದುಪಡಿಯ ಕರಡು ಆ ಅಧ್ಯಯನದ ಮೊದಲ ಫಲವಾಗಬಹುದು.