ಕನ್ನಡಿ ಅವರದು, ಮುಖ ನಮ್ಮದು

ಶಿಕಾಗೊದ ಮಿಲೇನಿಯಂ ಪಾರ್ಕಿನಲ್ಲಿರುವ ಅನೀಶ್ ಕಪೂರರ ‘ಕ್ಲೌಡ್ ಗೇಟ್’ ಶಿಲ್ಪವನ್ನು ಊರವರು ಕರೆಯೋದು ‘ಬೀನ್’ ಅಂತ. ಆಕಾರ ಹಾಗೇ ಇದೆ. 168 ಸ್ಟೀಲ್ ತಗಡುಗಳನ್ನು ಬೆಸೆದು, ಬೆಸುಗೆಯ ಒಂದು ಗೆರೆಯೂ ಕಾಣದಂತೆ ಉಜ್ಜಿದ್ದಾರೆ. ಎದುರು ನಿಂತರೆ ಕಾಣೋದು ಆಕಾಶ, ಬಾಗಿದ ಕಟ್ಟಡಗಳು, ಫೋನ್ ಎತ್ತಿ ಹಿಡಿದ ಜನ. ನೋಡುವವರೇ ಇಲ್ಲದಿದ್ದರೆ ಅದು ಅರ್ಧ ಕೃತಿ. ನನ್ನ ಮಟ್ಟಿಗೆ ಅದರ ದೊಡ್ಡತನ ಇರೋದೇ ಅಲ್ಲಿ.

ಇಂಥ ಶಿಲ್ಪದ ಮುಂದೆ 2005ರಲ್ಲಿ ಕಾವಲುಗಾರರು ವೃತ್ತಿಪರ ಫೋಟೋಗ್ರಾಫರ್‌ಗಳನ್ನು ತಡೆದು ಪರ್ಮಿಟ್ ಕೇಳಿದ್ದು ಸುದ್ದಿಯಾಯ್ತು. ಪಾರ್ಕು ಜನರದು, ಕಾಪಿರೈಟ್ ಕಲಾವಿದರದು. ಅಮೆರಿಕದ ಕಾನೂನು ಬೀದಿಯಿಂದ ಕಾಣುವ ಕಟ್ಟಡದ ಫೋಟೋಗೆ ವಿನಾಯಿತಿ ಕೊಡುತ್ತೆ, ಶಿಲ್ಪಕ್ಕೆ ಕೊಡಲ್ಲ. ನಮ್ಮ ಮುಖಗಳಿಂದಲೇ ತುಂಬಿಕೊಳ್ಳುವ ಕೃತಿ ನಮ್ಮ ಕ್ಯಾಮೆರಾಗೆ ಮಾತ್ರ ಬೇಲಿ ಹಾಕಿದರೆ ಅದು ಹೇಗೆ ಸಾರ್ವಜನಿಕ ಕಲೆ?

ಹಾಗಂತ ಕಲಾವಿದರಿಗೆ ಹಕ್ಕೇ ಬೇಡ ಅನ್ನೋಕೂ ಆಗಲ್ಲ. ಬಂದೂಕುಗಳ ಪರ ನಿಂತಿರುವ ಎನ್‌ಆರ್‌ಎ ತನ್ನ ಪ್ರಚಾರದ ವಿಡಿಯೋದಲ್ಲಿ ಇದೇ ಶಿಲ್ಪವನ್ನು ತೋರಿಸಿತು. ಕಪೂರ್ 2018ರಲ್ಲಿ ಕೇಸು ಹಾಕಿದರು. ಅದೇ ವರ್ಷ ರಾಜಿಯಾಗಿ ಆ ದೃಶ್ಯ ಹೊರಬಿತ್ತು. ಅಲ್ಲಿ ನಾನು ಕಪೂರರ ಪಕ್ಷ. ಫೋಟೋ ತೆಗೆಯೋದು ಬೇರೆ, ಅದನ್ನು ಯಾವುದೋ ಸರಕಿಗೋ ಸಿದ್ಧಾಂತಕ್ಕೋ ಅಂಟಿಸೋದು ಬೇರೆ. ಕಾನೂನು ಗೆರೆ ಎಳೆಯಬೇಕಾದ್ದು ಈ ಎರಡರ ನಡುವೆ.

ನಮ್ಮ ಕಾನೂನೂ ಗೆರೆ ಎಳೆಯೋದು ಬೇರೆ ಕಡೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ಇರುವ ಶಿಲ್ಪದ ಫೋಟೋ ತೆಗೆಯಬಹುದು, ಪ್ರಕಟಿಸಲೂಬಹುದು. ಉದಾರವಾಗಿದೆ, ಸರಿ. ಆದರೆ ಫೋಟೋದ ಆ ವಿನಾಯಿತಿಯಲ್ಲಿ ಪೇಂಟಿಂಗ್ ಸೇರಿಲ್ಲ. ಅದೇ ಪೇಂಟಿಂಗನ್ನು ಸಿನಿಮಾದಲ್ಲಿ ತೋರಿಸೋಕೆ ವಿನಾಯಿತಿ ಇದೆ! ಅಂದರೆ ಬೆಂಗಳೂರಿನ ಗೋಡೆಯೊಂದರ ಮ್ಯೂರಲ್ ಮುಂದೆ ಹೀರೋ ಕುಣಿದರೆ ತಕರಾರಿಲ್ಲ. ಅದೇ ಗೋಡೆಯ ಫೋಟೋ ತೆಗೆದು ನಾಲ್ಕು ಪೋಸ್ಟ್‌ಕಾರ್ಡ್ ಮಾಡಿ ಮಾರುವ ಹುಡುಗಿಗೆ ಆ ರಕ್ಷಣೆ ಸಿಗಲ್ಲ.

ಕೋಟಿ ಸುರಿಯುವ ನಿರ್ಮಾಪಕನಿಗೆ ವಕೀಲರಿದ್ದಾರೆ. ಕಾನೂನಿನ ಆಸರೆ ನಿಜಕ್ಕೂ ಬೇಕಿರೋದು ಆ ಹುಡುಗಿಗೆ, ಮತ್ತೆ ಗೋಡೆಗೆ ಬಣ್ಣ ಬಳಿದು ಹೋದ ಕಲಾವಿದನಿಗೆ. ಅವನ ಹೆಸರು ಪೋಸ್ಟ್‌ಕಾರ್ಡಿನ ಹಿಂದೆ ಇರಲಿ, ಜಾಹೀರಾತಿನವರು ಬಂದರೆ ಅವನಿಗೆ ದುಡ್ಡು ಕೊಡಲಿ. ಬೀದಿಯಲ್ಲಿ ನಿಂತು ಕ್ಲಿಕ್ ಮಾಡೋಕೆ ಮಾತ್ರ ಯಾರ ಅಪ್ಪಣೆಯೂ ಬೇಕಾಗಬಾರದು.