ಮುಚ್ಚಿದ ಅಂಗಡಿಯ ಜಿಎಸ್‌ಟಿ ನಂಬರ್

ಅಂಗಡಿ ಮುಚ್ಚುವಾಗ ಬೋರ್ಡು ಇಳಿಸುತ್ತೇವೆ, ಅಡ್ವಾನ್ಸ್ ವಾಪಸ್ ಪಡೆಯುತ್ತೇವೆ, ಕರೆಂಟ್ ಬಿಲ್ ಚುಕ್ತಾ ಮಾಡುತ್ತೇವೆ. 29ರಿಂದ ಶುರುವಾಗುವ ಹದಿನೈದು ಅಕ್ಷರದ ಜಿಎಸ್‌ಟಿ ನಂಬರ್ ಮಾತ್ರ ಹಾಗೇ ಉಳಿದುಬಿಡುತ್ತದೆ. ‘ವ್ಯಾಪಾರವೇ ಇಲ್ಲವಲ್ಲ, ಇರಲಿ ಬಿಡಿ, ಮುಂದೆ ಬೇಕಾದೀತು’ ಎಂಬ ಸಲಹೆಯನ್ನು ಎಷ್ಟೋ ಸಲ ಕೇಳಿದ್ದೇನೆ. ಅದು ತಪ್ಪು ಸಲಹೆ. ಆದರೆ ನಂಬರ್ ಬಿಟ್ಟುಕೊಡುವ ದಾರಿಯಲ್ಲೂ ಕೊರತೆಯಿದೆ, ಅದನ್ನೂ ಹೇಳಬೇಕು.

ಇಂಥ ನಂಬರ್ ಪಡೆದವರಲ್ಲಿ ಮನೆಯಲ್ಲೇ ಉಪ್ಪಿನಕಾಯಿ, ಬಟ್ಟೆ ಮಾಡಿ ಆನ್‌ಲೈನ್ ತಾಣಗಳಲ್ಲಿ ಮಾರಲು ಹೊರಟವರಿದ್ದಾರೆ. ಸರಕು ಮಾರಾಟಕ್ಕೆ 40 ಲಕ್ಷ ರೂಪಾಯಿ ವಹಿವಾಟಿನ ಮಿತಿಯಿದ್ದರೂ ಆ ತಾಣಗಳಲ್ಲಿ ಮಾರಬೇಕಾದರೆ ನೋಂದಣಿ ಕಡ್ಡಾಯವಾಗಿತ್ತು. ರಾಜ್ಯದೊಳಗಷ್ಟೇ ಮಾರುವ ಸಣ್ಣವರಿಗೆ ವಿನಾಯಿತಿ ಸಿಕ್ಕಿದ್ದು 2023ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಎಷ್ಟೋ ಜನ ನಂಬರ್ ಪಡೆದು, ನಾಲ್ಕು ತಿಂಗಳು ಮಾರಿ, ಕೈಬಿಟ್ಟಿದ್ದರು.

ವ್ಯಾಪಾರ ಇಲ್ಲದಿದ್ದರೂ ರಿಟರ್ನ್ ತಪ್ಪುವುದಿಲ್ಲ. ವಹಿವಾಟಿಲ್ಲದವರ ನಿಲ್ ಜಿಎಸ್‌ಟಿಆರ್-3ಬಿ ರಿಟರ್ನನ್ನು 2020ರಿಂದ ಎಸ್ಸೆಮ್ಮೆಸ್ಸಿನಲ್ಲೇ ಕಳಿಸಬಹುದು, ಒಳ್ಳೆಯ ಸೌಲಭ್ಯ. ತಡವಾದರೆ ದಿನಕ್ಕೆ 20 ರೂಪಾಯಿ, ಒಂದು ರಿಟರ್ನಿಗೆ ಹೆಚ್ಚೆಂದರೆ 500. ತಿಂಗಳ ರಿಟರ್ನ್ ಸಲ್ಲಿಸುವವರು ಆರು ತಿಂಗಳು ಸತತವಾಗಿ ಬಿಟ್ಟರೆ ಅಧಿಕಾರಿ ತಾನೇ ನೋಟಿಸ್ ಕೊಟ್ಟು ನೋಂದಣಿ ರದ್ದು ಮಾಡಬಹುದು. ‘ಅವರೇ ಕ್ಯಾನ್ಸಲ್ ಮಾಡಲಿ’ ಎಂದು ಕಾಯುವವರು ಇದನ್ನೇ ಬಿಡುಗಡೆ ಎಂದುಕೊಳ್ಳುತ್ತಾರೆ. ಅಲ್ಲ. ರದ್ದಾದರೂ ಹಿಂದಿನ ಬಾಕಿ ಉಳಿಯುತ್ತದೆಂದು ಜಿಎಸ್‌ಟಿ ಕಾಯ್ದೆಯ 29ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಆ ನೋಟಿಸಾದರೂ ನೋಂದಣಿಯಲ್ಲಿ ಕೊಟ್ಟ ಇಮೇಲಿಗೆ ಹೋಗುತ್ತದೆ; ಅಲ್ಲಿ ಆಡಿಟರ್ ಆಫೀಸಿನ ವಿಳಾಸ ಕೊಟ್ಟಿದ್ದರೆ ಮಾಲೀಕರಿಗೆ ಸುದ್ದಿಯೇ ತಲುಪದೆ ಹೋಗಬಹುದು.

ಸರಿಯಾದ ದಾರಿ ಎಂದರೆ ಬಾಕಿ ರಿಟರ್ನ್ ಮುಗಿಸಿ ನೋಂದಣಿ ರದ್ದತಿಗೆ ಆರ್‌ಇಜಿ-16 ಅರ್ಜಿ ಹಾಕುವುದು. ಅರ್ಜಿ ಹಾಕಿದ ಮೇಲೆ ನೋಂದಣಿ ಅಮಾನತಾಗುತ್ತದೆ, ಆ ಅವಧಿಗೆ ರಿಟರ್ನ್ ಬೇಡ. ಇಷ್ಟರವರೆಗೆ ವ್ಯವಸ್ಥೆ ನ್ಯಾಯವಾಗಿಯೇ ಇದೆ.

ಎಡವಟ್ಟಾಗುವುದು ಆಮೇಲೆ. ರದ್ದತಿಯ ಆದೇಶ ಕೈಗೆ ಬಂದಾಗ ಎಲ್ಲ ಮುಗಿಯಿತು ಎನಿಸುತ್ತದೆ. ಆದರೆ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಅಂತಿಮ ರಿಟರ್ನ್ ಸಲ್ಲಿಸಲೇಬೇಕು. ಕಾಂಪೊಸಿಷನ್ ಯೋಜನೆಯ ವ್ಯಾಪಾರಿಗಳಿಗೆ ಇದು ಬೇಡ. ತಡವಾದರೆ ದಿನಕ್ಕೆ 200 ರೂಪಾಯಿ, 10,000ದವರೆಗೆ. ನೋಂದಣಿ ಇಟ್ಟುಕೊಂಡು ಒಂದು ನಿಲ್ ರಿಟರ್ನ್ ಮರೆತವರಿಗೆ ಹೆಚ್ಚೆಂದರೆ 500, ನೋಂದಣಿ ಬಿಟ್ಟುಕೊಟ್ಟವರಿಗೆ ಅದರ ಇಪ್ಪತ್ತು ಪಟ್ಟು! ಉಳಿದ ಸರಕು ಎಷ್ಟು, ಅದರ ಮೇಲೆ ಕಟ್ಟಬೇಕಾದ ತೆರಿಗೆ ಎಷ್ಟು ಎಂದು ಆರ್‌ಇಜಿ-16ರಲ್ಲೇ ಕೇಳಿರುತ್ತಾರೆ. ಸರಕೇ ಉಳಿದಿಲ್ಲ ಎಂದು ಅಲ್ಲಿ ಬರೆದುಕೊಟ್ಟವರಿಂದ ಅದನ್ನೇ ಇನ್ನೊಂದು ನಮೂನೆಯಲ್ಲಿ ಬರೆಸಿಕೊಳ್ಳುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. 2020ರಲ್ಲೂ 2023ರಲ್ಲೂ ಸರ್ಕಾರ ಇದೇ ರಿಟರ್ನಿನ ಲೇಟ್ ಫೀಯನ್ನು ತಾತ್ಕಾಲಿಕವಾಗಿ ತಗ್ಗಿಸಬೇಕಾಯಿತು. ಮತ್ತೆ ಮತ್ತೆ ರಿಯಾಯಿತಿ ಕೊಡಬೇಕಾಗುವ ನಿಯಮವನ್ನೇ ತಿದ್ದಬೇಕು: ಸರಕೂ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟೂ ಉಳಿಯದವರಿಗೆ ಆರ್‌ಇಜಿ-16ನ್ನೇ ಅಂತಿಮ ರಿಟರ್ನ್ ಎಂದು ಒಪ್ಪಿಕೊಳ್ಳಲಿ.

ಅಲ್ಲಿಯವರೆಗೆ, ಅರ್ಜಿ ಹಾಕುವ ಮೊದಲು ಜಿಎಸ್‌ಟಿ ಪೋರ್ಟಲ್‌ನಲ್ಲಿ ನಿಮ್ಮದೇ ಮೊಬೈಲ್, ಇಮೇಲ್ ಇದೆಯೇ ನೋಡಿಕೊಳ್ಳಿ. ಆದೇಶ ಬಂದ ದಿನವೇ ಮೂರು ತಿಂಗಳ ಗಡುವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.