ಜಿಡಿಬಿ ಕಿವಿಯಲ್ಲಿ ಮೊದಲೇ ಹೇಳಿಡಿ

ಕಂಟೋನ್ಮೆಂಟಿನ ಮಿಲ್ಲರ್ಸ್ ರಸ್ತೆಯಲ್ಲಿ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಚೇರಿ ತೆರೆಯಿತು. ಮರುವರ್ಷವೇ ಅಮೆರಿಕದಲ್ಲಿ ರಿಚರ್ಡ್ ಸ್ಟಾಲ್‌ಮನ್ ಜಿಡಿಬಿ ಎಂಬ ಡಿಬಗರ್ ಬರೆದರು. ಇಂದು ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿ ವೈಟ್‌ಫೀಲ್ಡ್ ಕಡೆ ಹೊರಡುವ ಸಿ, ಸಿ ಪ್ಲಸ್ ಪ್ಲಸ್ ಮಂದಿಯಲ್ಲಿ ಅದರ ಮುಖ ನೋಡದವರು ವಿರಳ. ಆದರೆ ಅದನ್ನು ತಮ್ಮ ಕೈಗೆ ಪಳಗಿಸಿಕೊಂಡವರು?

ಪಳಗಿಸುವ ಜಾಗ ‘.ಜಿಡಿಬಿಇನಿಟ್’. ಹೋಮ್ ಫೋಲ್ಡರಿನಲ್ಲಿರುವ ಈ ಪುಟ್ಟ ಫೈಲಿನಲ್ಲಿ ಬರೆದಿಟ್ಟ ಕಮಾಂಡುಗಳನ್ನೆಲ್ಲ ಜಿಡಿಬಿ ಪ್ರೋಗ್ರಾಮನ್ನು ಮುಟ್ಟುವ ಮೊದಲೇ ಸಾಲಾಗಿ ನಡೆಸುತ್ತದೆ.

ರುಚಿ ಬಲ್ಲವರ ಫೈಲು ಚಿಕ್ಕದು. ‘ಸೆಟ್ ಪ್ರಿಂಟ್ ಪ್ರೆಟಿ ಆನ್’ ಎಂದರೆ ಒಂದೇ ಮುದ್ದೆಯಾಗಿ ಬೀಳುತ್ತಿದ್ದ ಸ್ಟ್ರಕ್ಟು ಸಾಲುಸಾಲಾಗಿ ಬಿಡಿಸಿಕೊಳ್ಳುತ್ತದೆ. ‘ಸೆಟ್ ಹಿಸ್ಟರಿ ಸೇವ್ ಆನ್’ ಇದ್ದರೆ ನಿನ್ನೆ ಟೈಪಿಸಿದ ಉದ್ದನೆಯ ಬ್ರೇಕ್‌ಪಾಯಿಂಟು ಇಂದು ಮೇಲಿನ ಬಾಣದ ಕೀ ಒತ್ತಿದರೆ ಸಿಗುತ್ತದೆ. ‘ಕನ್‌ಫರ್ಮ್ ಆಫ್’ ಮಾತ್ರ ಬೇಡ. ತಾಸುಗಟ್ಟಲೆ ಕಾದು ಹಿಡಿದ ಬಗ್ ಎದುರಿಗಿರುವಾಗ ಕೈತಪ್ಪಿ ‘ರನ್’ ಒತ್ತಿದರೆ, ಕೇಳದೆಯೇ ಎಲ್ಲ ಮೊದಲಿನಿಂದ ಶುರು.

ಕನ್ನಡ ತಂತ್ರಾಂಶದವರಿಗೆ ಇನ್ನೊಂದು ಕಾಟವಿದೆ. ‘ಕ’ ಎಂದು ಕಾಣಬೇಕಾದಲ್ಲಿ \340\262\225 ಎಂದು ಮೂಡುತ್ತದೆ. ಅವು ಯುಟಿಎಫ್-8ರಲ್ಲಿ ‘ಕ’ದ ಮೂರು ಬೈಟುಗಳು, ಆಕ್ಟಲ್ ವೇಷದಲ್ಲಿ. ಲೊಕೇಲ್ ಹೊಂದಿಸದ ಸರ್ವರುಗಳಲ್ಲಿ ಹೀಗಾಗುತ್ತದೆ. ಇಲ್ಲಿ ಇನಿಟ್ ಫೈಲನ್ನು ತಿದ್ದುತ್ತ ಕೂರುವುದು ದಂಡ. ಟರ್ಮಿನಲ್ಲಿನ ಲೊಕೇಲನ್ನೇ ಯುಟಿಎಫ್-8ಕ್ಕೆ ಬದಲಿಸಬೇಕು.

ಪ್ರಾಜೆಕ್ಟ್ ಫೋಲ್ಡರಿಗೂ ಅದರದೇ ಇನಿಟ್ ಫೈಲು ಇರಬಹುದು. ಅದರೊಳಗೆ ‘ಶೆಲ್’ ಕಮಾಂಡೂ ನಡೆಯುವುದರಿಂದ ಯಾರದೋ ಕೋಡ್ ಇಳಿಸಿಕೊಂಡವರ ಯಂತ್ರಕ್ಕೆ ಕನ್ನ ಬೀಳಬಹುದು. ಹಾಗಾಗಿಯೇ 2012ರ 7.5ನೇ ಆವೃತ್ತಿಯಿಂದ, ನಂಬಿಕೆಯ ಫೋಲ್ಡರು ಎಂದು ನಾವು ಹೇಳದ ಹೊರತು ಜಿಡಿಬಿ ಅದನ್ನು ಓದುವುದಿಲ್ಲ. ಎಚ್ಚರಿಕೆ ಕಾಣಿಸಿತೆಂದು ಬೇಸತ್ತು ಡಿಸ್ಕನ್ನೇ ಪೂರ್ತಿ ‘ಸೇಫ್-ಪಾತ್’ ಎಂಬ ನಂಬಿಕೆಯ ಪಟ್ಟಿಗೆ ಸೇರಿಸುವವರಿದ್ದಾರೆ. ಅದು ನಾಯಿ ಬೊಗಳಿತೆಂದು ಬಾಗಿಲು ಕಿತ್ತಿಟ್ಟಂತೆ. ಬೇಕಾದ ಒಂದು ಫೋಲ್ಡರನ್ನಷ್ಟೇ ಸೇರಿಸಿದರೆ ಸಾಕು.

2021ರ 11ನೇ ಆವೃತ್ತಿಯಲ್ಲಿ ‘.ಜಿಡಿಬಿಅರ್ಲಿಇನಿಟ್’ ಎಂಬ ಇನ್ನೊಂದು ಫೈಲು ಬಂದಿದೆ. ತೆರೆದಾಗಲೆಲ್ಲ ಬರುವ ಲೈಸೆನ್ಸಿನ ಪಾರಾಯಣವನ್ನು ಅದರಲ್ಲಿ ‘ಸೆಟ್ ಸ್ಟಾರ್ಟಪ್-ಕ್ವಯಟ್ಲಿ ಆನ್’ ಎಂದು ಬರೆದು ನಿಲ್ಲಿಸಬಹುದು.

ಇಷ್ಟೆಲ್ಲ ಮಾಡಿಕೊಂಡ ಮೇಲೆ ಜಿಡಿಬಿ ವಿಚಿತ್ರವಾಗಿ ಆಡಿದರೆ ‘-ಎನ್ಎಕ್ಸ್’ ಸೇರಿಸಿ ತೆರೆಯಿರಿ. ಇನಿಟ್ ಫೈಲುಗಳನ್ನು ಓದದೆ ಏಳುತ್ತದೆ. ಆಗ ಸರಿಹೋದರೆ ತಪ್ಪು ನೀವು ಬರೆದ ಸಾಲುಗಳಲ್ಲಿದೆ.